ಸೋರದ ಛತ್ರ

"ಎಲ್ಲಾದ್ರೂ ಸೋರುತ್ತಾ ಯಜಮಾನ್ರೇ?" ಎಂದು ಇಂಜಿನಿಯರ್ ಶಿವಕಿರಣ್ ಆಸೆಯಿಂದ ಕೇಳಿದ. ಮುದುಕ ದೊಡ್ಡಹನುಮಯ್ಯ ಎದೆಯುಬ್ಬಿಸಿ, "ಒಂದು ತೊಟ್ಟೂ ಇಲ್ಲ ಸಾರ್" ಅಂದುಬಿಟ್ಟ. ಕೆಂಗೇರಿಯ ಹಳೇ ಛತ್ರಕ್ಕೆ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಶಿವಕಿರಣ್ ಮುಖ ಸಪ್ಪಗೆ ಮಾಡಿಕೊಂಡು ಫಾರಂನಲ್ಲಿ ಸೋರಿಕೆಯ ಮುಂದೆ ಸೊನ್ನೆ ಬರೆದ. ಜೊತೆಗೆ ಬಂದಿದ್ದ ಸಂರಕ್ಷಣಾ ತಜ್ಞೆ ಮಾಲವಿಕಾ ಟಾರ್ಚ್ ಬಿಟ್ಟುಕೊಂಡು ಮೂಲೆ ಮೂಲೆ ಹುಡುಕಿದಳು. ಒಂದು ಬಿರುಕೂ ಸಿಗಲಿಲ್ಲ. ಎಲ್ಲಿಂದ ಸಿಗಬೇಕು? ಆ ತಾರಸಿ ಹಾಕಿದವನು ದೊಡ್ಡಹನುಮಯ್ಯನ ತಾತ. ಪ್ರತಿವರ್ಷ ಯುಗಾದಿ ಕಳೆಯುತ್ತಲೇ ಈ ಮೊಮ್ಮಗ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಗಾರೆ ಅರೆದು, ಮೇಲೆ ಹತ್ತಿ, ಕೂದಲೆಳೆಯಷ್ಟು ಬಿರುಕು ಕಂಡರೂ ಮುಚ್ಚಿ ಬರುತ್ತಿದ್ದ. ಯಾರೂ ಹೇಳಿದ ಕೆಲಸವಲ್ಲ. ಮಾಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೇ.

"ಅದೇ ಪ್ರಾಬ್ಲಂ ತಾತ," ಅಂದಳು ಮಾಲವಿಕಾ. "ರಸ್ತೆ ಅಗಲ ಮಾಡೋರು ಆಗ್ಲೇ ಗೋಡೆಗೆ ಕೆಂಪು ಗುರುತು ಹಾಕಿದಾರೆ. ಸಂರಕ್ಷಣಾ ಪಟ್ಟಿಗೆ ಸೇರಿದ್ರೆ ಮಾತ್ರ ಛತ್ರ ಉಳಿಯೋದು. ಪಟ್ಟಿಗೆ ಸೇರ್ಬೇಕಂದ್ರೆ ಶಿಥಿಲ ಆಗಿದೆ ಅಂತ ನೂರಕ್ಕೆ ಅರವತ್ತು ಮಾರ್ಕ್ಸ್ ಬರ್ಬೇಕು. ಇದಕ್ಕೆ ಬಂದಿರೋದು ಹನ್ನೊಂದು."

"ಅಂದ್ರೆ, ಗಟ್ಟಿಯಾಗಿದ್ರೆ ಕೆಡವ್ತೀರಾ, ಬೀಳೋ ಹಂಗಿದ್ರೆ ಉಳಿಸ್ತೀರಾ?"

"ರೂಲ್ಸು ಹಂಗಿದೆ, ಏನ್ಮಾಡೋದು," ಅಂದ ಶಿವಕಿರಣ್. ಕೆಟ್ಟ ಮನುಷ್ಯನಲ್ಲ, ಪಕ್ಕಕ್ಕೆ ಕರೆದು ಬುದ್ಧಿಯನ್ನೂ ಹೇಳಿದ. "ಈ ವರ್ಷ ಒಂದು ಸಲ ಸುಮ್ನಿದ್ಬಿಡಿ. ಮೇಲೆ ಹತ್ಲೇಬೇಡಿ. ಜುಲೈನಲ್ಲಿ ಬಂದು ನೀರು ತೊಟ್ಟಿಕ್ಕೋದ್ರ ನಾಲ್ಕು ಫೋಟೋ ತಗೋತೀವಿ. ಛತ್ರ ಉಳೀತು ಅಂದ್ಕೊಳ್ಳಿ."

ಆ ವರ್ಷ ಯುಗಾದಿ ಕಳೆದರೂ ದೊಡ್ಡಹನುಮಯ್ಯ ಗಾರೆ ಕರಣೆ ಮುಟ್ಟಲಿಲ್ಲ. ಮೇ ತಿಂಗಳ ಒಂದು ಸಂಜೆ ಜೋರು ಮಳೆ ಬಂತು. ಛತ್ರಕ್ಕೆ ಓಡಿಹೋಗಿ ನೋಡಿ, ತೊಪ್ಪೆಯಾಗಿ ಮನೆಗೆ ಬಂದವನು ಹೆಂಡತಿಗೆ, "ಸೋರ್ತಾ ಐತೆ ಕಣೇ ಇಂದ್ರಮ್ಮ, ಉಳ್ಕೊಂತು!" ಎಂದ. ಹಾಗೆಂದವನೇ ತಟ್ಟೆಯ ಮುಂದೆ ಕೂತು ಮಗುವಿನ ಹಾಗೆ ಅತ್ತ. ಮುದ್ದೆ ಮುರಿಯಲಿಲ್ಲ.

"ಸುಮ್ಕಿರಿ, ಇನ್ನೆರಡು ತಿಂಗ್ಳು ತಾನೆ," ಎಂದು ಇಂದ್ರಮ್ಮ ಸಮಾಧಾನ ಹೇಳಿ ಮಲಗಿದಳು. ಬೆಳಿಗ್ಗೆ ಎದ್ದು ಕಾಫಿಗೆ ಬೆಲ್ಲ ಹುಡುಕಿದರೆ ಡಬ್ಬ ಖಾಲಿ. ಹಿತ್ತಲಿನ ಏಣಿಯೂ ಇರಲಿಲ್ಲ.

ಜುಲೈನಲ್ಲಿ ಇಬ್ಬರೂ ಹೇಳಿದ ಮಾತಿನಂತೆ ಬಂದರು. ಹೊರಗೆ ಬಸ್ಸುಗಳೇ ಕಾಣದಷ್ಟು ಮಳೆ. ಛತ್ರದ ಒಳಗೆ ಕೊಡೆ ಮಡಚಿ ನಿಂತು ಅರ್ಧ ಗಂಟೆ ಸೂರು ನೋಡಿದರು. ಒಂದು ಹನಿ ಬೀಳಲಿಲ್ಲ. ಮಾಲವಿಕಾಗೆ ಕಣ್ಣು ತುಂಬಿ ಬಂತು. "ಎಂಥಾ ಕೆಲಸ ತಾತ! ಇದನ್ನ ಉಳಿಸ್ಲೇಬೇಕಿತ್ತು," ಎನ್ನುತ್ತಲೇ ಒಂಬತ್ತು ಮಾರ್ಕ್ಸ್ ಹಾಕಿದಳು. ಅದರ ಕೆಳಗೆ ಶಿವಕಿರಣ್ ದುಂಡಾದ ಅಕ್ಷರದಲ್ಲಿ, 'ಕಟ್ಟಡವು ಸುಸ್ಥಿತಿಯಲ್ಲಿರುವುದರಿಂದ ಸಂರಕ್ಷಣೆಯ ಅಗತ್ಯವಿಲ್ಲ' ಎಂದು ಬರೆದು ಸಹಿ ಮಾಡಿದ.

"ತಪ್ಪಾಯ್ತು ಸಾರ್. ತಡ್ಕೊಳ್ಳೋಕೆ ಆಗ್ಲಿಲ್ಲ," ಅಂದ ದೊಡ್ಡಹನುಮಯ್ಯ. "ಇನ್ನೇನೂ ದಾರಿ ಇಲ್ವಾ?"

"ಅಷ್ಟು ಹೇಳಿದ್ದೆ ನಿಮ್ಗೆ..." ಶಿವಕಿರಣ್ ಪೆನ್ನು ಜೇಬಿಗಿಟ್ಟು ಮತ್ತೊಮ್ಮೆ ಸೂರು ನೋಡಿದ. ಆಮೇಲೆ ದನಿ ತಗ್ಗಿಸಿ, "ಯಜಮಾನ್ರೇ, ಆರ್‌ಆರ್ ನಗರದಲ್ಲಿ ನಮ್ಮನೆ ಕಟ್ಟಿ ಮೂರೇ ವರ್ಷ. ಬೆಡ್‌ರೂಮಲ್ಲಿ ಬಕೆಟ್ ಇಟ್ಕೊಂಡು ಮಲಗ್ತಾ ಇದೀವಿ. ಭಾನುವಾರ ಒಂಚೂರು ಬಂದು ನೋಡ್ತೀರಾ?" ಎಂದ.

ದೊಡ್ಡಹನುಮಯ್ಯ ಕೈಮುಗಿದ.

"ಬೇಡ ಸಾರ್. ನಾನು ರಿಪೇರಿ ಮಾಡಿದ್ರೆ ಅದನ್ನೂ ಕೆಡವ್ಬಿಡ್ತಾರೆ."