ಮೊದಲೇ ಬರೆದ ಠರಾವು

‘ನಾನು ಮಾತಾಡುವುದಿಲ್ಲ ಎಂದೇ ನನ್ನನ್ನು ಆರಿಸಿರಬೇಕು.’ ಬೆಳಿಗ್ಗೆ ಡೈರಿಯಲ್ಲಿ ಇಷ್ಟನ್ನೇ ಬರೆದು ಮೇಧಾ ಪುಟ ಮುಚ್ಚಿದ್ದಳು. ಬಿ.ಎ. ಮುಗಿಸಿ, ಇಂಗ್ಲಿಷ್ ಮಾತಾಡಲು ಕಲಿಯಬೇಕೆಂದು ಭೈರುಂಬೆಯಿಂದ ಶಿರಸಿಯ ಈ ಶಾಲೆಗೆ ಬರತೊಡಗಿ ಮೂರು ತಿಂಗಳಾಗಿತ್ತು. ವಿದ್ಯಾರ್ಥಿ ಮಂಡಳಿಗೆ ಯಾರು ಬರುತ್ತೀರಿ ಎಂದು ಪ್ರಿನ್ಸಿಪಾಲ ರಘುಪತಿ ಸರ್ ಕೇಳಿದಾಗ ಐದು ಮಂದಿ ಕೈ ಎತ್ತಿದ್ದರು. ಕೈ ಎತ್ತದೇ ಕೂತ ಮೇಧಾಳನ್ನು ಸರ್ ತಾವಾಗಿಯೇ ಕಾರ್ಯದರ್ಶಿ ಮಾಡಿದ್ದರು.

ಮಂಡಳಿಯ ಮೊದಲ ಸಭೆ ಮೂರು ಗಂಟೆಗೆ. ಈಗ ಎರಡೂಮುಕ್ಕಾಲು. ಸರ್ ಕೋಣೆಯಲ್ಲಿ ಅವಳೆದುರು ಠರಾವು ಪುಸ್ತಕ ತೆರೆದಿತ್ತು. ಇಂಗ್ಲಿಷ್ ಶಾಲೆಯಾದರೂ ಆ ಪುಸ್ತಕ ಕನ್ನಡದ್ದು. ಆಡಳಿತ ಮಂಡಳಿಯ ಹಿರಿಯರು ಓದಬೇಕಲ್ಲ. ಸರ್ ಚೀಟಿ ನೋಡಿ ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು.

“ಮುಂಡಗೋಡಿನ ಟಿಬೆಟನ್ ಕ್ಯಾಂಪಿನಿಂದ ಬರುವ ಒಂಬತ್ತು ವಿದ್ಯಾರ್ಥಿಗಳು ಆರು ತಿಂಗಳಿಗೆ ಕೋರ್ಸು ಮುಗಿಸಿ ಹೋಗುವವರಾದ್ದರಿಂದ, ಅವರಿಗೆ ಮಂಡಳಿಯಲ್ಲಿ ಪ್ರತಿನಿಧಿಯ ಅಗತ್ಯವಿಲ್ಲವೆಂದು ಸರ್ವಾನುಮತದಿಂದ ಠರಾಯಿಸಲಾಯಿತು.”

ಕೋರ್ಸು ಎಲ್ಲರಿಗೂ ಆರೇ ತಿಂಗಳಲ್ಲವೇ, ಅನ್ನಿಸಿತು ಮೇಧಾಳಿಗೆ. ಬಾಯಿಂದ ಹೊರಟದ್ದು ಬೇರೆ.

“ಸಭೆ ಇನ್ನೂ ಆಜಿಲ್ಲೆ ಸರ್...”

“ಸೊಸೈಟಿಲಿ ಹನ್ನೆರಡು ವರ್ಷ ಸೆಕ್ರೆಟರಿಕಿ ಮಾಡ್ದವ ಆನು,” ಸರ್ ನಕ್ಕರು. “ಮೊದ್ಲು ಠರಾವು, ಆಮೇಲೆ ಚಾ, ಟೈಮ್ ಉಳದ್ರೆ ಸಭೆ. ಅವ್ಕೆ ಒಂದು ಕುರ್ಚಿ ಕೊಟ್ರೆ ನಾಳೆ ‘ಕ್ಲಾಸಿನ ಟೈಮ್ ಬದ್ಲು ಮಾಡಿ’ ಹೇಳ್ತ. ಮಾತಾಡ ಕ್ಲಾಸಿನ ಮಾಸ್ತರು ಬ್ಯಾಂಕಿನ ಕೆಲ್ಸ ಮುಗ್ಸಿ ಇಲ್ಲಿಗೆ ಬಪ್ಪದೇ ಐದೂವರೆಗೆ, ಎಂತ ಮಾಡದು? ಬರಿಯೇ ಕೂಸೇ. ನಿನ್ನ ಅಕ್ಷರ ಅಂದ್ರೆ ಅಚ್ಚು ಹಾಕ್ದಾಂಗೆ ಇರ್ತು.”

ಬರೆದು ಮುಗಿಸಿ, ಉಳಿದ ಸದಸ್ಯರನ್ನು ಕರೆಯಲು ಹೊರಗೆ ಬಂದರೆ ಮೆಟ್ಟಿಲ ಮೇಲೆ ಯಾಂಗ್ಚೆನ್ ಕೂತಿದ್ದಳು, ಆ ಒಂಬತ್ತರಲ್ಲಿ ಒಬ್ಬಳು. ಅವಳ ತಲೆಯ ಮೇಲೆ ಶಾಲೆಯ ಹೊಸ ಬೋರ್ಡು: ‘ಹೊರದೇಶದ ವಿದ್ಯಾರ್ಥಿಗಳೂ ಕಲಿಯುವ ಶಾಲೆ.’ ಅದನ್ನು ಏರಿಸಿದ ದಿನ ಇವಳೇ, “ಹೊರದೇಶದವರು ಯಾರ್ರಿ ಅಕ್ಕಾ? ನಾ ಹುಟ್ಟಿದ್ದು ಮುಂಡಗೋಡದಾಗ” ಎಂದು ಬಿದ್ದು ಬಿದ್ದು ನಕ್ಕಿದ್ದಳು. ಇವತ್ತು ನಗಲಿಲ್ಲ.

“ಅಕ್ಕಾ, ನಮ್ಮದೊಂದು ಮಾತು ಒಳಗ ಹೇಳ್ತೀರೇನ್ರಿ? ಮುಂಡಗೋಡಕ್ಕ ಹೋಗೋ ಕಡೀ ಬಸ್ಸು ಐದೂವರಿಗೆ ಬಿಡತೈತ್ರಿ. ಮಾತಾಡೋ ಕ್ಲಾಸು ಚಾಲೂ ಆಗೋದೂ ಐದೂವರಿಗೇ. ಮೂರು ತಿಂಗಳಾತು, ಒಂಬತ್ತೂ ಮಂದಿ ಬರೇ ಬರಕೋತ ಕುಂತೇವಿ. ಒಮ್ಮೆನೂ ಬಾಯಿ ತೆರೆದಿಲ್ಲ. ಮುಂದಿನ ತಿಂಗಳು ಹುಬ್ಬಳ್ಳಿಯೊಳಗ ನರ್ಸಿಂಗಿಗೆ ಇಂಟರ್‌ವ್ಯೂ ಐತಿ. ಅಲ್ಲಿ ಏನು ಕೇಳಿದ್ರೂ ನೋಟ್‌ಬುಕ್ ತೋರಿಸಲೇನ್ರಿ?” ಮಡಿಲಲ್ಲಿದ್ದ ನೀಲಿ ಚೀಲ ಸರಿಮಾಡಿಕೊಂಡು, “ಒಳಗ ಕುಂತು ಕೇಳಾಕ ನಮ್ಮವರೊಬ್ಬರಿಗೆ ಜಾಗಾ ಕೊಡ್ರಿ ಅನ್ರಿ. ಅಷ್ಟ ಸಾಕು” ಎಂದಳು.

‘ಹೇಳ್ತೇನೆ’ ಎನ್ನಬೇಕಿತ್ತು. “ನೋಡ್ತೇನೆ” ಎಂದಳು ಮೇಧಾ. ಬೆರಳಿಗೆ ಹತ್ತಿದ ಶಾಯಿ ಇನ್ನೂ ಒಣಗಿರಲಿಲ್ಲ. ಕೈಯನ್ನು ದುಪಟ್ಟಾದೊಳಗೆ ಸರಿಸಿಕೊಂಡಳು.

ಸಭೆಯಲ್ಲಿ ಚಾ ಬಂತು, ಸಮೋಸಾ ಬಂತು. ವಾರ್ಷಿಕೋತ್ಸವಕ್ಕೆ ಯಾವ ಹಾಲ್ ಎಂಬ ಚರ್ಚೆ ನಡೆಯಿತು. ಕೊನೆಗೆ ಸರ್ ಗಡಿಯಾರ ನೋಡಿ, “ಸರಿ, ಎಲ್ಲರೂ ಒಂದು ಸಹಿ ಹಾಕಿಬಿಡಿ” ಎಂದು ಪುಸ್ತಕ ತಳ್ಳಿದರು. ಲಾರಿ ವ್ಯವಹಾರದವರ ಮನೆಯ ಮಾಜ್ ಒಂದು ಕೈಯಲ್ಲಿ ಸಮೋಸಾ ಹಿಡಿದೇ ಅದನ್ನು ಎಳೆದುಕೊಂಡ.

“ಎಲ್ಲಿ ಸರ್, ಇಲ್ಲಿಯಾ? ಆರ್‌ಟಿಓ ಆಫೀಸಿನಲ್ಲೂ ಇಷ್ಟು ಬೇಗ ಸಹಿ ಆಗೂದಿಲ್ಲ ನೋಡಿ!”

ಎಲ್ಲರೂ ನಕ್ಕರು. ಪುಸ್ತಕ ಮೇಜು ಸುತ್ತಿ ಬಂದು ಮೇಧಾಳ ಮುಂದೆ ನಿಂತಿತು. ಐದು ಸಹಿ ಬಿದ್ದಿತ್ತು, ಒಂದು ಜಾಗ ಖಾಲಿ. ಮೇಲಿನ ಸಾಲುಗಳ ದುಂಡು ಅಕ್ಷರ ಅವಳ ಡೈರಿಯದೇ. ಆ ಪುಟದಲ್ಲಿ ಅತಿ ಚೆಂದಾಗಿ ಮೂಡಿದ ಶಬ್ದ ‘ಸರ್ವಾನುಮತ’. ಅರ್ಧ ತೆರೆದ ಬಾಗಿಲಾಚೆ ಯಾಂಗ್ಚೆನ್‌ಳ ನೀಲಿ ಚೀಲದ ಒಂದು ಮೂಲೆ ಕಾಣುತ್ತಿತ್ತು.

“ಸಹಿ ಹಾಕೇ,” ಎಂದರು ಸರ್.

ಮೇಧಾ ಏನೋ ಅಂದಳು. ಅವಳಿಗೇ ಕೇಳಿಸಲಿಲ್ಲ.

“ಎಂತ?”

ಪೆನ್ನಿನ ಟೊಪ್ಪಿಗೆ ಹಾಕಿ ಅವಳು ಪುಸ್ತಕದ ಪಕ್ಕದಲ್ಲಿಟ್ಟಳು. ಮಾಜ್ ಅವಳ ಮುಖ ನೋಡಿದ. ಆಮೇಲೆ ಸಮೋಸಾ ತಟ್ಟೆಗೆ ಹಾಕಿ, ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು, ತಾನು ಯಾವುದಕ್ಕೆ ಸಹಿ ಹಾಕಿದ್ದೇನೆಂದು ಓದತೊಡಗಿದ.

“ಎಂತಾತೇ ಈಗ?” ಸರ್ ದನಿ ಸ್ವಲ್ಪ ಏರಿತು. “ಎಲ್ಲಾ ನೀನೇ ಬರದ್ದಲ್ದಾ? ಅಕ್ಷರ ನಿಂದೇ ಅಲ್ದಾ?”

“ಅಕ್ಷರ ಎನ್ನದು ಸರ್,” ಎಂದಳು ಮೇಧಾ, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ. “ಆನು ಒಪ್ಪಿದ್ನಿಲ್ಲೆ.”