ಮೊದಲು ಬಂದವಳ ದಾರಿ

ಯಜಮಾನರ ಗದ್ದೆಯಲ್ಲಿ ಕೂಲಿ ಮಾಡುವವಳ ಮಗಳು ತಾಲ್ಲೂಕಿನ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಮೊದಲು ಬಂದಿದ್ದಳು. ಪೇಟೆಯ ಕಾನ್ವೆಂಟಿನಲ್ಲಿ ಓದುವ ಯಜಮಾನರ ಮಗ ಅದೇ ಪರೀಕ್ಷೆಯಲ್ಲಿ ನಪಾಸಾಗಿದ್ದ. ಹೊಟ್ಟೆಯುರಿ ತಾಳಲಾರದೆ ಅವರು ಆ ಹುಡುಗಿಯ ಸರ್ಕಾರಿ ಹೈಸ್ಕೂಲನ್ನು ನೋಡಲು ಬಂದರು.

ನಾಲ್ಕು ಕೋಣೆ, ಸೋರುವ ಹೆಂಚು, ಮೂವರು ಮೇಷ್ಟ್ರು.

"ಇಲ್ಲಿ ಅಂಥಾದ್ದೇನಿದೆ ಮೇಷ್ಟ್ರೇ? ಅವಳಿಗೆ ಗುಟ್ಟಾಗಿ ಟ್ಯೂಷನ್ ಕೊಟ್ರಾ?"

"ಎಲ್ಲಿಯ ಟ್ಯೂಷನ್ನು ಯಜಮಾನ್ರೇ! ದಾರೀಲಿ ನಡೀತಾ ನಡೀತಾ ಪಾಠ ಉರು ಹೊಡೀತಾಳೆ, ಅಷ್ಟೇ."

"ಕೇರಿಯಿಂದ ಇಲ್ಲಿಗೆ ಹತ್ತು ನಿಮಿಷ. ಅಷ್ಟರಲ್ಲಿ ಏನು ಕಲೀತಾಳೆ?"

"ಹತ್ತು ನಿಮಿಷ ನಿಮ್ಮ ಗದ್ದೆ ಬದುವಿನ ಮೇಲೆ ಬಂದ್ರೆ. ಕೇರಿಯವ್ರು ತುಳೀಬಾರ್ದು ಅಂತ ಹೋದ ವರ್ಷ ಬೇಲಿ ಹಾಕಿಸಿದ್ರಲ್ಲ, ಆವತ್ತಿಂದ ಕೆರೆ ಬಳಸಿ ಬರ್ತಾಳೆ. ಬರೋಕೊಂದು ಗಂಟೆ, ಹೋಗೋಕೊಂದು ಗಂಟೆ. ಅದ್ರಲ್ಲೇ ಪುಸ್ತಕವೆಲ್ಲ ಬಾಯಿಗೆ ಬಂತು."

ಯಜಮಾನರು ತಟ್ಟನೆ ಎದ್ದರು.

"ನಿಮ್ಮ ಮಗನ್ನ ಇಲ್ಲಿಗೇ ಸೇರಿಸ್ತೀರಾ ಯಜಮಾನ್ರೇ?"

"ಅದು ಆಮೇಲೆ. ಮೊದ್ಲು ಒಂದು ಕೆಲಸ ಇದೆ."

ಅಂದು ಸಂಜೆಯೊಳಗೆ ಅವರು ತಾವೇ ಮುಂದೆ ನಿಂತು ಬೇಲಿಯನ್ನು ಕೀಳಿಸಿದರು.