ವ್ಯಾನಿನ ವಾಲ್ವು

ಸೂರಗೊಂಡನಕೊಪ್ಪದ ಏರಿನಲ್ಲಿ ವ್ಯಾನು ಕೆಮ್ಮಿ ಕೆಮ್ಮಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ಜಲ್ಲಿ ಲಾರಿ ಕಿರುಚುತ್ತ ಬಲಕ್ಕೆ ಸರಿದು, ವ್ಯಾನಿನ ಬದಿಯ ಕನ್ನಡಿಯನ್ನು ಮುರಿದು ಹೋಯಿತು.

ಹಿಂದಿನ ಸೀಟಿನಲ್ಲಿದ್ದ ಶಾಲೆಯ ಮೇಡಂಗಳು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಮೊದಲು ಬಾಯಿ ಬಂದದ್ದು ಉಷಾರಾಣಿ ಮೇಡಂಗೆ.

"ಪರಮೇಶಣ್ಣ, ನಾವು ಹೊಂಟಿರೋದು ಶಾಲೆಗೋ, ಸ್ವರ್ಗಕ್ಕೋ?"

ಪರಮೇಶ ನಗಲಿಲ್ಲ. ಇಳಿದು ಹಿಂದಕ್ಕೆ ಹೋದ. ಮುಂದಿನ ಸೀಟಿನಲ್ಲಿದ್ದ ಹೆಂಡತಿ ಧನುಶ್ರೀಯೂ ಇಳಿದಳು. ಅವಳು ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು.

ಹಿಂಬಾಗಿಲಿನ ಲಾಕು ಕೆಟ್ಟಿತ್ತು. ನಿನ್ನೆ ಸಂಜೆ ಪರಮೇಶ ಅದನ್ನು ತಂತಿಯಿಂದ ಬಿಗಿದಿದ್ದ. ಬೆಳಿಗ್ಗೆ ತಂತಿ ಹಾಗೇ ಇದ್ದದ್ದನ್ನು ಕಂಡು, ಒಳಗೆ ನೋಡದೆ ಗಾಡಿ ತೆಗೆದಿದ್ದ. ಈಗ ಬಿಚ್ಚಿ ನೋಡಿದರೆ ಗ್ಯಾಸ್ ಟ್ಯಾಂಕಿನ ವಾಲ್ವು ಮುಚ್ಚಿತ್ತು.

"ಮತ್ತೆ ಬಂದ್ ಮಾಡ್ಯಾನೆ," ಎಂದ, ಅವಳಿಗಷ್ಟೇ ಕೇಳುವಂತೆ.

ಧನುಶ್ರೀ ತಂತಿಯನ್ನು ನೋಡುತ್ತಿದ್ದಳು. ಅದರ ತುದಿಗಳನ್ನು ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಚಲಾಗಿತ್ತು. ಅವಳ ಗಂಡ ಯಾವತ್ತೂ ಹಾಗೆ ಮಡಚುವವನಲ್ಲ. ಹೇಳಬೇಕೆನಿಸಿತು. ಹೇಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮಾತಿಗಿಂತ ಕಣ್ಣೇ ಹೆಚ್ಚು.

ವ್ಯಾನು ಚನ್ನಗಿರಿಯಲ್ಲಿ ಕೊಂಡದ್ದು, ಸೆಕೆಂಡ್ ಹ್ಯಾಂಡ್. ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಗ್ಯಾಸಿಗೆ ಹಾಕಬೇಕು. ನ್ಯಾಮತಿಯ ಮನೆಯ ಮುಂದೆ ಬಂದು ನಿಂತ ದಿನ ಅತ್ತೆ ಉಚ್ಚಂಗೆಮ್ಮ ಆರತಿ ಎತ್ತಿ, ತಟ್ಟೆ ಹಿಡಿದುಕೊಂಡೇ ದೂರ ನಿಂತಿದ್ದಳು.

"ಗ್ಯಾಸು ಅಂತೀಯಲ್ಲೋ, ಇದು ಸಿಡಿಯಾಕಿಲ್ವೇನೋ?"

"ಬಾರವ್ವ ಇಲ್ಲಿ. ಹಿಂಗೆ ತಿರುಗಿಸಿದ್ರೆ ಚಾಲೂ, ಹಂಗೆ ತಿರುಗಿಸಿದ್ರೆ ಬಂದ್. ಅಷ್ಟೇಯ," ಎಂದು ಪರಮೇಶ ಜಂಬದಿಂದ ತೋರಿಸಿದ್ದ.

ಮಾರನೆಯ ದಿನವೇ ಗಾಡಿ ದಾರಿಯಲ್ಲಿ ನಿಂತಿತು. ಹೊನ್ನಾಳಿಯ ಮೆಕ್ಯಾನಿಕ್ ವಾಲ್ವು ತಿರುಗಿಸಿ, "ಮೊದ್ಲು ಇದನ್ನ ತೆಗೀರಿ ಸಾವ್ಕಾರ್ರೆ," ಎಂದು ನಕ್ಕ. ಆಮೇಲೆ ದಿನ ಬೆಳಗಾದರೆ ಅದೇ ಕಥೆ. ಪರಮೇಶ ತೆರೆದಿಟ್ಟ ವಾಲ್ವು ಬೆಳಿಗ್ಗೆ ಮುಚ್ಚಿರುತ್ತಿತ್ತು.

ಪರಮೇಶನ ಅನುಮಾನಕ್ಕೆ ಒಂದೇ ಹೆಸರು: ಎದುರು ಮನೆಯ ಓಬಣ್ಣ. ವ್ಯಾನು ಬರುವವರೆಗೆ ಮೇಡಂಗಳು ಶಾಲೆಗೆ ಹೋಗುತ್ತಿದ್ದದ್ದು ಅವನ ಆಟೋದಲ್ಲಿ.

"ಇವತ್ತು ಮುಚ್ಚಿದೋನು ನಾಳೆ ಪೈಪು ಸಡಿಲ ಮಾಡ್ತಾನೆ. ಯಾವನೋ ಒಬ್ಬ ಬೀಡಿ ಹಚ್ಚಿದ್ರೆ ಸಾಕು, ಎಲ್ರೂ ಬೂದಿ." ಹಿಂಬಾಗಿಲಿಗೆ ಮತ್ತೆ ತಂತಿ ಸುತ್ತುತ್ತ ಪರಮೇಶ ಹೇಳಿದ: "ಅವ್ವಂಗೆ ಮಾತ್ರ ಹೇಳ್ಬೇಡ. ಗ್ಯಾಸು ಅಂದ್ರೆ ಮೊದ್ಲೇ ಹೆದರ್ತಾಳೆ, ಮಾರು ಅಂತ ಕೂತ್ಬಿಡ್ತಾಳೆ."

ಧನುಶ್ರೀ ಹೇಳಲಿಲ್ಲ. ಆದರೆ ಅಂದಿನಿಂದ ಕಣ್ಣು ಮುಚ್ಚಿದರೆ ಗಂಡನ ಮೈಗೆ ಬೆಂಕಿ ಹತ್ತಿದಂತೆ ಕಾಣುತ್ತಿತ್ತು.

ಒಂದು ದಿನ ಪರಮೇಶ ಊಟ ಮುಗಿಸಿ ಕಟ್ಟೆಯ ಮೇಲೇ ಕಾವಲು ಮಲಗಿದ. ನಾಯಿ ಕೂಡ ಅತ್ತ ಸುಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ವಾಲ್ವು ಮುಚ್ಚಿತ್ತು. ಅವನ ಕಣ್ಣು ಎದುರು ಮನೆಯ ಕಡೆಗೇ ಹೋಯಿತು.

ನಡುವೆ ಒಂದು ವಾರ ಮಾತ್ರ ನೆಮ್ಮದಿ. ಉಚ್ಚಂಗೆಮ್ಮ ಮಗಳ ಮಗುವನ್ನು ತೊಟ್ಟಿಲಿಗೆ ಹಾಕಲು ಜಗಳೂರಿಗೆ ಹೋಗಿದ್ದಳು. ಎದುರು ಮನೆಗೂ ಬೀಗ. ಓಬಣ್ಣ ಹೆಂಡತಿಯ ಊರು ತ್ಯಾವಣಿಗೆಗೆ ಹೋಗಿದ್ದ. ವಾಲ್ವು ತೆರೆದದ್ದು ತೆರೆದಂತೆಯೇ ಇತ್ತು.

"ನೋಡಿದ್ಯಾ?" ಎಂದ ಪರಮೇಶ. "ಅವನು ಊರಾಗಿಲ್ಲ, ಗಾಡಿ ಸುಮ್ನೈತೆ. ಇನ್ನೇನು ಬೇಕು?"

ಎಲ್ಲರೂ ಊರಿಗೆ ಮರಳಿದರು. ಮರುದಿನ ಬೆಳಿಗ್ಗೆ ಅಂಗಳ ಗುಡಿಸಲು ಬಂದ ಧನುಶ್ರೀ ಪೊರಕೆ ಹಿಡಿದಲ್ಲೇ ನಿಂತಳು. ವ್ಯಾನಿನ ಹಿಂದೆ ಓಬಣ್ಣ ಬಗ್ಗಿದ್ದ.

ಅವಳನ್ನು ಕಂಡು ನೆಟ್ಟಗಾದ. "ಏನಿಲ್ಲ ಕಣವ್ವ. ಗ್ಯಾಸಿನ ಗಾಡಿ ಹೆಂಗಿರ್ತೈತೆ ಅಂತ ನೋಡ್ದೆ. ನಾನೂ ಒಂದು ತಗೊಳ್ಳಾಕೆ ಆಗ್ತದೇನೋ ಅಂತ."

ಅವಳು ತಲೆಯಾಡಿಸಿದಳು. ಅವನು ಹೋದ ಮೇಲೆ ತಂತಿ ಬಿಚ್ಚಿ ನೋಡಿದಳು. ವಾಲ್ವು ಮುಚ್ಚಿತ್ತು.

ಮದುವೆಯಾಗಿ ಬಂದಾಗ ಊರಿನಲ್ಲಿ ಅವಳನ್ನು ಮೊದಲು 'ಮಗಳೇ' ಎಂದವನು ಓಬಣ್ಣ. ಸುಮ್ಮನಿರಬಹುದಿತ್ತು. ಆದರೆ ಕಣ್ಣೆದುರು ಮತ್ತೆ ಬೆಂಕಿಯಲ್ಲಿ ಗಂಡನ ಮುಖ ಕಂಡಂತಾಯಿತು. ಒಳಗೆ ಹೋಗಿ, ಹಲ್ಲುಜ್ಜುತ್ತಿದ್ದವನ ಪಕ್ಕ ನಿಂತು ಹೇಳಿಬಿಟ್ಟಳು.

"ಓಬಣ್ಣ ಮಾವ ಗಾಡಿ ಹಿಂದೆ ಬಗ್ಗಿದ್ರು. ನಾನೇ ನೋಡ್ದೆ. ವಾಲ್ವೂ ಮುಚ್ಚೈತೆ."

ಪರಮೇಶ ಬಾಯಿ ಕೂಡ ತೊಳೆಯಲಿಲ್ಲ. ಜಾಕಿನ ಕಬ್ಬಿಣದ ರಾಡು ಕೈಗೆತ್ತಿಕೊಂಡು ರಸ್ತೆ ದಾಟಿದ. ಅವಳು ಓಡಿ ತಲುಪುವಷ್ಟರಲ್ಲಿ ಓಬಣ್ಣ ತನ್ನ ಆಟೋದ ಪಕ್ಕ ಬಿದ್ದಿದ್ದ. ಕಿವಿಯಿಂದ ರಕ್ತ ಇಳಿಯುತ್ತಿತ್ತು.

ಮಧ್ಯಾಹ್ನ ಪೊಲೀಸರು ಪರಮೇಶನನ್ನು ಕರೆದೊಯ್ದರು. ಸಂಜೆ ಶಿವಮೊಗ್ಗದ ಆಸ್ಪತ್ರೆಯಿಂದ ಸುದ್ದಿ ಬಂತು: ಓಬಣ್ಣನಿಗೆ ಎಚ್ಚರವಿಲ್ಲ, ಬೆಳಗಿನ ತನಕ ಏನೂ ಹೇಳಲಾಗದು.

ಉಚ್ಚಂಗೆಮ್ಮ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. "ಹಾಲಿನಂಥ ಮನುಷ್ಯ. ಯಾಕೆ ಹೊಡೆದ್ನೇ ಇವ್ನು?"

"ಗಾಡಿಗೆ ಏನೋ ಮಾಡಾಕೆ ಬರ್ತಾನೆ ಅಂತ, ಅತ್ತೆ."

"ಓಬಣ್ಣ? ಏನು ಮಾಡ್ತಾನೆ ಅವ್ನು ಗಾಡಿಗೆ?"

ವಾಲ್ವಿನ ಮಾತು ಧನುಶ್ರೀಯ ನಾಲಿಗೆಯ ತುದಿಗೆ ಬಂತು. ಗಂಡ ಹೇಳಬೇಡ ಎಂದಿದ್ದ. ನಾನು ಕಂಡದ್ದು ನಿಜ, ಹೇಳಿದ್ದು ಸರಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಗೋಡೆಗೆ ಒರಗಿದ್ದಳು.

ಯಾರಿಗೂ ಊಟ ಸೇರಲಿಲ್ಲ. ಉಚ್ಚಂಗೆಮ್ಮ ಸೊಸೆಗೆ ಒಂದು ಲೋಟ ಹಾಲು ಕಾಯಿಸಿ ಕೊಟ್ಟಳು. ಒಲೆ ಆರಿಸಿದಳು. ಬಗ್ಗಿ ಸಿಲಿಂಡರ್ ಬಂದ್ ಮಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲು ದಾಟಿ ಅಂಗಳಕ್ಕೆ ಇಳಿದಳು.

"ಎಲ್ಲಿಗೆ ಅತ್ತೆ?"

"ಗಾಡೀದೂ ಬಂದ್ ಮಾಡಿ ಬರ್ತೀನಿ ತಡಿಯವ್ವ, ಗಾಡಿ ಬಂದಾಗಿನಿಂದ ದಿನಾ ನೀವು ಉಣ್ಣಾಕೆ ಕೂತಾಗ ನಾನೇ ಅಲ್ವಾ ಮಾಡೋದು, ಅವ್ನಿಗೆಲ್ಲಿ ನೆನಪಿರ್ತೈತೆ," ಎನ್ನುತ್ತ ಉಚ್ಚಂಗೆಮ್ಮ ತಂತಿ ಬಿಚ್ಚತೊಡಗಿದಳು.